ದೇವರು ಯಾರ ಸೊತ್ತು?

ದೇವರು ಸರ್ವಾಂತರ್ಯಾಮಿಯೆಂದು ನಾವು ತರಗತಿಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇವೆ. ಹೇಳಿ ಮುಗಿಸಿದ ಮರುಗಳಿಗೆಯಲ್ಲಿಯೇ ‘ನಮ್ಮ ದೇವರು’, ‘ನಮ್ಮ ಗುಡಿ’, ‘ನಮ್ಮ ಜಾತ್ರೆ’ ಎಂಬ ಮಾತುಗಳೂ ನಮ್ಮ ಬಾಯಿಂದಲೇ ಹೊರಡುತ್ತವೆ. ಈ ಎರಡು ಬಗೆಯ ಮಾತುಗಳು ಒಂದಕ್ಕೊಂದು ಹೊಂದುವುವೆ? ಎಲ್ಲೆಡೆಯೂ ಇರುವವನು ಒಬ್ಬರ ಸೊತ್ತಾಗುವುದೆಂತು? ಒಬ್ಬರ ಸೊತ್ತಾದವನು ಎಲ್ಲೆಡೆಯೂ ಇರುವುದೆಂತು? ಈ ಪ್ರಶ್ನೆಯನ್ನು ನಾವು ಗ್ರಂಥಗಳಿಂದ ಪಡೆದುದಲ್ಲ. ಮಕ್ಕಳ ಮುಂದೆ ಒಮ್ಮೆ ತಲೆ ತಗ್ಗಿಸಬೇಕಾಗಿ ಬಂದಾಗ ಅದು ನಮ್ಮನ್ನು ಹಿಡಿದುಕೊಂಡಿತು.

ಶಾಲೆಯ ಮಕ್ಕಳನ್ನು ಕರೆದುಕೊಂಡು ಅಲಂಪುರಕ್ಕೆ ಹೋಗಿದ್ದೆವು. ತುಂಗಭದ್ರೆಯ ದಡದಲ್ಲಿರುವ ಅಲ್ಲಿಯ ನವಬ್ರಹ್ಮ ದೇವಾಲಯಗಳನ್ನು ಕಟ್ಟಿಸಿದವರು ಬಾದಾಮಿಯ ಚಾಲುಕ್ಯರು. ಹೆಸರಿನಲ್ಲಿ ಬ್ರಹ್ಮನಿದ್ದರೂ ಒಂಬತ್ತೂ ಶಿವಾಲಯಗಳೇ. ಅವುಗಳಲ್ಲಿ ಸ್ವರ್ಗಬ್ರಹ್ಮ ದೇವಾಲಯವು 681ರಿಂದ 696ರವರೆಗೆ ಆಳಿದ ವಿನಯಾದಿತ್ಯನ ಕಾಲದ್ದು. ಇಷ್ಟನ್ನು ಮಕ್ಕಳಿಗೆ ಉತ್ಸಾಹದಿಂದ ಹೇಳುತ್ತಿದ್ದೆವು. ಸಮೀಪದಲ್ಲಿ ವೃದ್ಧರೊಬ್ಬರು ಶಾಸನದ ಕಲ್ಲೊಂದನ್ನು ಮೊಮ್ಮಗನಿಗೆ ತೋರಿಸಿ, ಇವು ನಮ್ಮ ತೆಲುಗಿನ ಅಕ್ಷರಗಳೆಂದು ತೆಲುಗಿನಲ್ಲಿ ಹೇಳಿದರು. ನಮಗೆ ಸಹನೆಯಾಗಲಿಲ್ಲ. “ಅಲ್ಲ ತಾತಾ, ಇದು ಕನ್ನಡ, ಈ ಗುಡಿಗಳೂ ಕನ್ನಡ ಅರಸರವು” ಎಂದೆವು. ಅವರು ಕೋಪಿಸಿಕೊಳ್ಳಲಿಲ್ಲ. “ಹಾಗಾದರೆ ಓದಿರಿ ಸಾರ್, ನಾವೂ ಕೇಳುತ್ತೇವೆ” ಎಂದರು. ನಾವು ಕಲ್ಲಿಗೆ ಮುಖವಿಟ್ಟು ನಿಂತೆವು. ನಾಲ್ಕೈದು ಅಕ್ಷರಗಳಲ್ಲದೆ ಮುಂದಕ್ಕೆ ಏನೂ ಹತ್ತಲಿಲ್ಲ. ಮಕ್ಕಳು ನಮ್ಮ ಮುಖವನ್ನು ನೋಡುತ್ತಿದ್ದರು. “ನನಗೂ ಬಾರದು ಸಾರ್” ಎಂದು ಹೇಳಿ ಆ ಹಿರಿಯರು ಮೊಮ್ಮಗನ ಕೈ ಹಿಡಿದುಕೊಂಡು ಮುಂದೆ ನಡೆದರು.

ಓದಲಾರದ ಇಬ್ಬರು ಒಂದು ಕಲ್ಲಿನ ಒಡೆತನಕ್ಕಾಗಿ ವಾದಿಸಿದೆವು! ಅಂದಿನಿಂದ ನಮ್ಮ ಮನಸ್ಸಿನಲ್ಲಿ ಉಳಿದ ವಿಚಾರವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ದೇವರು ಒಂದು ನಾಡಿನಿಂದ ಮತ್ತೊಂದು ನಾಡಿಗೆ, ಒಂದು ಭಾಷೆಯಿಂದ ಮತ್ತೊಂದು ಭಾಷೆಗೆ ಹೋಗುವುದಕ್ಕೆ ನಮ್ಮ ಸೀಮೆಯಲ್ಲಿ ದೃಷ್ಟಾಂತಗಳಿಗೆ ಬರವಿಲ್ಲ. ಮಕ್ತಲ್ ಕಡೆಯಿಂದ ಪಂಚದೇವ ಪಹಾಡಕ್ಕೆ ಹೋಗಿ ಕೃಷ್ಣೆಯನ್ನು ದಾಟಿದರೆ ಕುರವಪುರದ ನಡುಗಡ್ಡೆ. ದತ್ತಾವತಾರಿಗಳೆಂದು ಭಕ್ತರು ನಂಬುವ ಶ್ರೀಪಾದ ಶ್ರೀವಲ್ಲಭರು ಹುಟ್ಟಿದುದು ತೆಲುಗು ನಾಡಿನ ಪೀಠಾಪುರದಲ್ಲಿ. ತಪಸ್ಸು ಮಾಡಿದುದು ಈ ನಡುಗಡ್ಡೆಯಲ್ಲಿ. ಅವರ ಅನಂತರದ ಅವತಾರವೆನ್ನುವ ನೃಸಿಂಹ ಸರಸ್ವತಿಗಳು ಹುಟ್ಟಿದುದು ವಿದರ್ಭದ ಕಾರಂಜದಲ್ಲಿ. ನೆಲೆಸಿದುದು ಕನ್ನಡ ನಾಡಿನ ಗಾಣಗಾಪುರದಲ್ಲಿ. ಇವರಿಬ್ಬರ ಮಹಿಮೆಯನ್ನು ಹೇಳುವ ‘ಗುರುಚರಿತ್ರೆ’ಯಿರುವುದು ಮರಾಠಿಯಲ್ಲಿ, ಅದನ್ನು ಬರೆದ ಸರಸ್ವತೀ ಗಂಗಾಧರರ ಮನೆಮಾತಾದರೋ ಕನ್ನಡವಾಗಿತ್ತೆಂದು ವಿದ್ವಾಂಸರು ಹೇಳುತ್ತಾರೆ. ಇನ್ನು ಈ ಗುರುಪರಂಪರೆ ಯಾರದು? ತೆಲುಗರದೋ, ಕನ್ನಡಿಗರದೋ, ಮರಾಠಿಗರದೋ?

ಮೈಲಾರಲಿಂಗನ ಕಥೆಯೂ ಹಾಗೆಯೇ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಅವನು ಮೈಲಾರ. ಪುಣೆಯ ಬಳಿಯ ಜೇಜುರಿಯಲ್ಲಿ ಖಂಡೋಬ. ತೆಲಂಗಾಣದ ಕೊಮುರವೆಲ್ಲಿಯಲ್ಲಿ ಮಲ್ಲಣ್ಣ. ಮೈಲಾರದಲ್ಲಿ ಅವನ ಮಡದಿ ಗಂಗಿಮಾಳಮ್ಮ. ಜೇಜುರಿಯಲ್ಲಿ ಮ್ಹಾಳಸೆ ಮತ್ತು ಬಾಣಾಯಿ. ಕೊಮುರವೆಲ್ಲಿಯಲ್ಲಿ ಗೊಲ್ಲರ ಕೇತಮ್ಮ, ಬಲಿಜರ ಮೇಡಲಮ್ಮ. ಹೋದ ಹೋದಲ್ಲಿ ದೇವರು ಆ ಸೀಮೆಯವರ ನಂಟನಾಗಿದ್ದಾನೆ. ಹಣೆಗೆ ಹಚ್ಚುವ ಅರಿಸಿನದ ಭಂಡಾರ ಮಾತ್ರ ಎಲ್ಲ ಕಡೆಯೂ ಒಂದೇ ಬಣ್ಣದ್ದು.

ಆದರೆ ಹತ್ತಿರದ ಸಂಗತಿಗಳನ್ನು ವಿಚಾರಿಸುವಾಗ ಅಭಿಮಾನವು ಅಡ್ಡ ಬರುತ್ತದೆ. ತಕ್ಕಡಿಯನ್ನು ಹಿಡಿದವನೇ ಒಂದು ತಟ್ಟೆಯಲ್ಲಿ ಕುಳಿತಂತಾಗುತ್ತದೆ. ಆದುದರಿಂದ ನಮಗಾಗಲಿ, ಅಲಂಪುರದ ಆ ಹಿರಿಯರಿಗಾಗಲಿ ಯಾವ ಹಕ್ಕೂ ಇಲ್ಲದ ದೂರದ ದೇವತೆಯೊಬ್ಬಳ ಕಥೆಯನ್ನು ತೆಗೆದುಕೊಂಡು ವಿಚಾರ ಮಾಡೋಣ. ಆಕೆ ಪ್ರಾಚೀನ ಈಜಿಪ್ಟಿನ ಐಸಿಸ್.

ಐಸಿಸಳ ಗಂಡ ಒಸೈರಿಸ್ ಧರ್ಮದಿಂದ ಆಳಿದ ಅರಸು. ತಮ್ಮನಾದ ಸೆತ್ ಅವನನ್ನು ವಂಚನೆಯಿಂದ ಕೊಂದು, ಶರೀರವನ್ನು ತುಂಡುತುಂಡಾಗಿ ಮಾಡಿ ಚೆಲ್ಲಿದನು. ಐಸಿಸ್ ನಾಡೆಲ್ಲ ಅಲೆದು, ಆ ತುಂಡುಗಳನ್ನು ಆಯ್ದು ಕೂಡಿಸಿ, ಗಂಡನನ್ನು ಎಬ್ಬಿಸಿದಳು. ಅವನಿಂದ ಹೋರಸ್ ಎಂಬ ಮಗನನ್ನು ಪಡೆದು, ಜೊಂಡಿನ ಮರೆಯಲ್ಲಿ ಶತ್ರುವಿನ ಕಣ್ಣಿಗೆ ಬೀಳದಂತೆ ಸಾಕಿದಳು. ನಮ್ಮ ಸಾವಿತ್ರಿಯ ಕಥೆಯನ್ನು ಕೇಳಿ ಬೆಳೆದವರಿಗೆ ಈಕೆ ಅಪರಿಚಿತಳಾಗಿ ತೋರಲಾರಳು. ಮೃತ್ಯುವಿಗೂ ಎದುರು ನಿಲ್ಲುವ ಸತಿ, ಕೂಸನ್ನು ತೊಡೆಯ ಮೇಲಿಟ್ಟುಕೊಂಡ ತಾಯಿ: ಇಂಥ ದೇವತೆ ಯಾವ ನಾಡಿನ ಮನೆಯ ಹೊಸ್ತಿಲಲ್ಲಿ ನಿಂತರೂ ಒಳಗೆ ಕರೆಯುವವರು ಇದ್ದೇ ಇರುತ್ತಾರೆ.

ಗ್ರೀಕರು ಮೊದಲು ಆಕೆಯನ್ನು ಕಂಡುದು ತಮ್ಮ ಕಣ್ಣಿನಿಂದಲೇ. ಕ್ರಿ.ಪೂ. 5ನೆಯ ಶತಮಾನದ ಚರಿತ್ರಕಾರ ಹೆರೊಡೋಟಸ್ ಈಜಿಪ್ಟನ್ನು ಕುರಿತು ಬರೆಯುವಾಗ, ಐಸಿಸ್ ಎಂದರೆ ನಮ್ಮ ಡಿಮೀಟರ್, ಒಸೈರಿಸ್ ಎಂದರೆ ನಮ್ಮ ಡಯೊನೈಸಸ್ ಎಂದು ತನ್ನವರಿಗೆ ತಿಳಿಯಹೇಳಿದನು. ಅನಂತರ ದೇವತೆಯೇ ಹಡಗು ಹತ್ತಿ ಹೊರಟಳು. ಕ್ರಿ.ಪೂ. 333ರಲ್ಲಿ ಸೈಪ್ರಸ್ ದ್ವೀಪದ ವರ್ತಕರು ಅಥೆನ್ಸಿನ ರೇವುಪಟ್ಟಣವಾದ ಪೈರೀಯಸ್ಸಿನಲ್ಲಿ ತಮ್ಮ ದೇವತೆಗೆ ಗುಡಿ ಕಟ್ಟಲು ಸ್ಥಳ ಬೇಡಿದಾಗ, ಈಜಿಪ್ಟಿನವರು ಐಸಿಸಳ ಗುಡಿಯನ್ನು ಕಟ್ಟಿಕೊಂಡಿರುವಂತೆಯೇ ಇವರೂ ಕಟ್ಟಿಕೊಳ್ಳಲಿ ಎಂದು ಅಥೆನ್ಸಿನ ಸಭೆ ಅಪ್ಪಣೆ ಕೊಟ್ಟಿತು. ಆ ಶಾಸನ ಇಂದಿಗೂ ಉಳಿದಿದೆ. ಸೈನ್ಯವಿಲ್ಲ, ಉಪದೇಶಕರ ದಂಡಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟ ವ್ಯಾಪಾರಿಗಳ ಗಂಟುಮೂಟೆಯಲ್ಲಿ ದೇವತೆ ಬಂದಳು.

ಅರಸರೂ ಈ ಕೆಲಸಕ್ಕೆ ಕೈ ಹಾಕಿದರು. ಅಲೆಕ್ಸಾಂಡರನ ತರುವಾಯ ಈಜಿಪ್ಟನ್ನು ಆಳಿದ ಒಂದನೆಯ ಟಾಲೆಮಿಯ ಕಾಲದಲ್ಲಿ ಒಸೈರಿಸನನ್ನೂ ಏಪಿಸ್ ಎಂಬ ಪವಿತ್ರ ವೃಷಭನನ್ನೂ ಕೂಡಿಸಿ, ಗ್ರೀಕರಂತೆ ಗಡ್ಡ ಬಿಟ್ಟ ಸೆರಾಪಿಸ್ ಎಂಬ ದೇವರಿಗೆ ರಾಜಮರ್ಯಾದೆ ದೊರೆಯಿತು. ಪ್ರಜೆಗಳು ಎರಡು ಭಾಷೆಯವರು. ಇಬ್ಬರಿಗೂ ಒಪ್ಪುವ ದೇವರು ಬೇಕಾಗಿದ್ದನು. ಇದರಲ್ಲಿ ರಾಜನೀತಿಯೆಷ್ಟು, ಭಕ್ತಿಯೆಷ್ಟು ಎಂದು ಕೇಳಬಹುದು. ಆದರೆ ಅರಸನ ಲೆಕ್ಕಾಚಾರದಿಂದ ಹುಟ್ಟಿದ ದೇವರನ್ನು ಬಡವರು ಎಷ್ಟು ನಿಜವಾಗಿ ನಂಬಿದರೆಂಬುದಕ್ಕೆ ಡೀಲೋಸ್ ದ್ವೀಪದ ಕಲ್ಲುಕಂಬವೊಂದು ಸಾಕ್ಷಿಯಾಗಿದೆ.

ಮೆಂಫಿಸ್ ಪಟ್ಟಣದ ಅರ್ಚಕನೊಬ್ಬನು ತನ್ನ ದೇವರ ಮೂರ್ತಿಯನ್ನು ತೆಗೆದುಕೊಂಡು ಡೀಲೋಸಿಗೆ ಬಂದನು. ಅವನ ಹೆಸರು ಅಪೊಲೋನಿಯಸ್. ಗುಡಿಯಿಲ್ಲ, ಬಾಡಿಗೆಯ ಬಿಡಾರದಲ್ಲಿಯೇ ಪೂಜೆ. ಅವನ ತರುವಾಯ ಮಗನೂ ಹಾಗೆಯೇ ಪೂಜೆ ನಡೆಸಿದನು. ಅಜ್ಜನ ಹೆಸರನ್ನೇ ಹೊತ್ತ ಮೊಮ್ಮಗನಿಗೆ ದೇವರು ಕನಸಿನಲ್ಲಿ ಕಾಣಿಸಿಕೊಂಡು, ತನಗೆ ಇನ್ನು ಬಾಡಿಗೆಮನೆ ಬೇಡ, ಸ್ವಂತದ ಗುಡಿ ಬೇಕು ಎಂದನಂತೆ. ಕಸಕಶ್ಮಲ ತುಂಬಿದ್ದ ನಿವೇಶನವೊಂದು ಮಾರಾಟಕ್ಕಿತ್ತು. ಅದನ್ನು ಕೊಂಡು ಆರು ತಿಂಗಳಲ್ಲಿ ಗುಡಿ ಕಟ್ಟಿದರು. ಊರಿನ ಕೆಲವರು ಅಸೂಯೆಯಿಂದ ಮೊಕದ್ದಮೆ ಹೂಡಿದರು. ನ್ಯಾಯಸ್ಥಾನದಲ್ಲಿ ಆ ಪ್ರತಿವಾದಿಗಳ ನಾಲಿಗೆಯೇ ಏಳದಂತೆ ದೇವರು ಮಾಡಿದನೆಂದು ಮೊಮ್ಮಗನು ಕೃತಜ್ಞತೆಯಿಂದ ಕಂಬದ ಮೇಲೆ ಬರೆಯಿಸಿದನು. ಬರೆಯಿಸಿದುದು ಗ್ರೀಕ್ ಭಾಷೆಯಲ್ಲಿ. ಮೂರು ತಲೆಮಾರುಗಳಲ್ಲಿ ದೇವರಿಗೆ ಸ್ವಂತ ಮನೆ ದೊರೆಯಿತು. ಆ ಮನೆಯ ಕಂಬದ ಮೇಲೆ ಅಜ್ಜನ ನಾಡಿನ ಲಿಪಿಗೆ ಸ್ಥಳವಿರಲಿಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವುಂಟು.

ರೋಮಿನಲ್ಲಿ ಐಸಿಸಳಿಗೆ ಸುಲಭವಾಗಿ ಬಾಗಿಲು ತೆರೆಯಲಿಲ್ಲ. ಪರದೇಶದ ದೇವತೆಯಿಂದ ತಮ್ಮ ಆಚಾರ ಕೆಡುವುದೆಂದು ಹಿರಿಯರ ಸಭೆ ಹೆದರಿತು. ಕ್ರಿ.ಪೂ. 50ರಲ್ಲಿ ಆಕೆಯ ಗುಡಿಗಳನ್ನು ಕೆಡವಬೇಕೆಂದು ಆಜ್ಞೆಯಾದಾಗ ಕೂಲಿಯಾಳುಗಳಲ್ಲಿ ಒಬ್ಬನಿಗೂ ಕೈ ಏಳಲಿಲ್ಲ. ಆಗ ಕಾನ್ಸಲ್ ಆಗಿದ್ದ ಎಮಿಲಿಯಸ್ ಪಾಲಸನು ತನ್ನ ಅಧಿಕಾರದ ನಿಲುವಂಗಿಯನ್ನು ಕಳಚಿಟ್ಟು, ತಾನೇ ಕೊಡಲಿಯಿಂದ ಬಾಗಿಲನ್ನು ಹೊಡೆದನೆಂದು ರೋಮನ್ ಲೇಖಕನೊಬ್ಬನು ಬರೆದಿದ್ದಾನೆ. ಕ್ರಿ.ಶ. 19ರಲ್ಲಿ ಟೈಬೀರಿಯಸ್ ಚಕ್ರವರ್ತಿಯೂ ಈ ಪೂಜೆಯನ್ನು ದಮನ ಮಾಡಿದನು. ಕೊಡಲಿಯಿಂದ ಏನಾಯಿತು? ಏನೂ ಆಗಲಿಲ್ಲ. 62ರ ಭೂಕಂಪದಲ್ಲಿ ಪಾಂಪೇ ನಗರದ ಐಸಿಸ್ ಗುಡಿ ಬಿದ್ದುಹೋದಾಗ ಅದನ್ನು ಅಡಿಪಾಯದಿಂದ ಮತ್ತೆ ಕಟ್ಟಿಸಿದವನೆಂದು ಬಾಗಿಲ ಮೇಲೆ ಬರೆದಿರುವ ಹೆಸರು ಪೊಪಿಡಿಯಸ್ ಸೆಲ್ಸಿನಸ್ ಎಂಬುವನದು. ಅವನಿಗಾಗ ವಯಸ್ಸು 6! ತಂದೆ ದಾಸ್ಯದಿಂದ ಬಿಡುಗಡೆ ಹೊಂದಿದವನು. ನಗರಸಭೆಯ ಸದಸ್ಯನಾಗುವ ಅರ್ಹತೆ ಅವನಿಗಿರಲಿಲ್ಲ. ಮಗನ ಹೆಸರಿನಲ್ಲಿ ದಾನ ಮಾಡಿದನು. ಸಭೆ ಆ ಮಗುವನ್ನು ಸದಸ್ಯನಾಗಿ ಸೇರಿಸಿಕೊಂಡಿತು. ಊರಿನವರು ಕೆಳಗಿಟ್ಟವನಿಗೆ ಹೊರಗಿನಿಂದ ಬಂದ ದೇವತೆ ಎದ್ದು ನಿಲ್ಲುವ ಸ್ಥಳ ಕೊಟ್ಟಳು. 79ರಲ್ಲಿ ವೆಸೂವಿಯಸ್ ಪರ್ವತ ಬೆಂಕಿಯುಗುಳಿ ಆ ನಗರವನ್ನೇ ಮುಚ್ಚಿತು. 1764ರಲ್ಲಿ ಅಗೆದಾಗ ಗುಡಿಯೂ ಆ ಮಗುವಿನ ಹೆಸರೂ ಹೊರಬಂದವು.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಈ ಐಸಿಸ್ ಯಾರ ಸೊತ್ತು? ಗ್ರೀಕ್ ವಿಚಾರವಂತನಾದ ಪ್ಲೂಟಾರ್ಕನು ಸುಮಾರು 1900 ವರ್ಷಗಳ ಹಿಂದೆ ಈ ದೇವತೆಯನ್ನು ಕುರಿತೇ ಗ್ರಂಥವೊಂದನ್ನು ಬರೆದು ಇದಕ್ಕೆ ಉತ್ತರ ಹೇಳಿದನು. ಸೂರ್ಯ, ಚಂದ್ರ, ಭೂಮಿ, ಸಮುದ್ರಗಳು ಎಲ್ಲರಿಗೂ ಸಮಾನ, ಹೆಸರುಗಳು ಮಾತ್ರ ನಾಡಿನಿಂದ ನಾಡಿಗೆ ಬೇರೆ. ದೇವರುಗಳ ವಿಷಯವೂ ಹಾಗೆಯೇ ಎಂಬುದು ಅವನ ಅಭಿಪ್ರಾಯ. ಈಜಿಪ್ಟಿನ ಬಹ್ನಸಾ ಎಂಬಲ್ಲಿ, ಪ್ರಾಚೀನ ಆಕ್ಸಿರಿಂಕಸ್ ಪಟ್ಟಣದ ಕಸದ ದಿಬ್ಬಗಳಲ್ಲಿ ದೊರೆತ ಪಪೈರಸ್ ಹಾಳೆಯೊಂದರಲ್ಲಿ ಐಸಿಸಳಿಗೆ ಯಾವ ಯಾವ ಊರಿನಲ್ಲಿ ಏನೇನು ಹೆಸರೆಂಬ ಉದ್ದನೆಯ ಪಟ್ಟಿಯಿದೆ. ಅದರಲ್ಲಿ ಭಾರತೀಯರ ಹೆಸರೂ ಬರುತ್ತದೆ. ಅವರಲ್ಲಿ ಆಕೆ ‘ಮಾಯಾ’ ಎಂದು ಬರೆದವನ ತಿಳಿವಳಿಕೆ.

ಪ್ಲೂಟಾರ್ಕನ ಮಾತನ್ನು ನಾವು ಒಪ್ಪುತ್ತೇವೆ. ಭಕ್ತನ ಮಟ್ಟಿಗೆ ಅದೇ ಪರಿಪೂರ್ಣವಾದ ಉತ್ತರ. ಲ್ಯಾಟಿನ್ ಭಾಷೆಯಲ್ಲಿ ಪ್ರಾರ್ಥಿಸಿದ ರೋಮಿನ ಹೆಣ್ಣುಮಗಳಿಗೆ ಐಸಿಸ್ ಕಿವಿಗೊಡಲಿಲ್ಲವೆಂದು ಹೇಳುವ ಧೈರ್ಯ ಯಾರಿಗುಂಟು? ಅಷ್ಟೇ ಅಲ್ಲ. ಐಸಿಸ್–ಒಸೈರಿಸರ ಕಥೆ ಮೊದಲಿಂದ ಕಡೆಯವರೆಗೆ ಕ್ರಮವಾಗಿ ನಮಗೆ ಸಿಕ್ಕಿರುವುದು ಪ್ಲೂಟಾರ್ಕನ ಗ್ರಂಥದಿಂದಲೇ. ಈಜಿಪ್ಟಿನ ಬರೆಹಗಳಲ್ಲಿ ಅದು ತುಣುಕುತುಣುಕಾಗಿ ಬರುತ್ತದೆ. ಎಂದ ಮೇಲೆ ಪಡೆದುಕೊಂಡವನು ಕಳ್ಳನಲ್ಲ, ಕಾಪಾಡಿದವನು. ಕುರವಪುರದ ಕೀರ್ತಿಯನ್ನು ಮರಾಠಿ ಗ್ರಂಥವೊಂದು ಕಾಪಾಡಿತೆಂದು ನಾವು ಕೊರಗಬೇಕಾಗಿಲ್ಲ, ಕೈ ಮುಗಿಯಬೇಕು.

ಹಾಗಾದರೆ ಇಲ್ಲಿಗೆ ವಿಚಾರ ಮುಗಿಯಿತೆ? ಮುಗಿಯಲಿಲ್ಲ. ಐಸಿಸಳ ತೌರುಮನೆಯ ಗತಿಯೇನಾಯಿತೆಂದು ನೋಡಬೇಕು.

ನೈಲ್ ನದಿಯ ನಡುಗಡ್ಡೆಯಾದ ಫಿಲೇಯಲ್ಲಿ ಆಕೆಯ ದೊಡ್ಡ ದೇವಾಲಯವಿತ್ತು. ಆಕೆಯ ಕೀರ್ತಿ ಇಂಗ್ಲೆಂಡಿನ ಲಂಡನ್ ಪಟ್ಟಣದವರೆಗೆ ಹಬ್ಬಿದ್ದ ಕಾಲದಲ್ಲಿಯೇ ಈ ಮನೆಯಲ್ಲಿ ಓದುವವರು ಕಡಿಮೆಯಾಗುತ್ತ ಬಂದರು. ಆಡಳಿತದ ಭಾಷೆ ಗ್ರೀಕ್; ಅಧಿಕಾರ ಬೇಕಾದವನು ಗ್ರೀಕನ್ನು ಕಲಿತನು. ಅವನನ್ನು ದೂಷಿಸುವಂತಿಲ್ಲ. 394ನೆಯ ಇಸವಿಯ ಆಗಸ್ಟ್ 24ರಂದು ಎಸ್ಮೆತ್ ಎಂಬುವನ ಮಗನಾದ ಅರ್ಚಕನೊಬ್ಬನು ಫಿಲೇಯ ಗೋಡೆಯ ಮೇಲೆ ಚಿತ್ರಲಿಪಿಯಲ್ಲಿ ಕೆಲವು ಸಾಲುಗಳನ್ನು ಕೆತ್ತಿ, ಅವು ಎಂದೆಂದಿಗೂ ಇರಲೆಂದು ಹಾರೈಸಿದನು. ನಮಗೆ ದೊರೆತಿರುವ ಚಿತ್ರಲಿಪಿಯ ಬರೆಹಗಳಲ್ಲಿ ಅದೇ ಕೊನೆಯದು. ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಆ ಗುಡಿಯನ್ನು ಮುಚ್ಚಿಸಿದನು. ಆದರೆ ಗುಡಿಯ ಬಾಗಿಲು ಮುಚ್ಚುವ ಮೊದಲೇ ಅದರ ಅಕ್ಷರಗಳ ಬಾಗಿಲು ಮುಚ್ಚುತ್ತ ಬಂದಿತ್ತು. ಆಮೇಲೆ 1400 ವರ್ಷಗಳ ಕಾಲ ಆ ಗೋಡೆಗಳು ಎದುರಿಗೇ ಇದ್ದವು, ಬರೆಹವೂ ಇತ್ತು, ಏನು ಬರೆದಿದೆಯೆಂದು ಹೇಳಬಲ್ಲವನು ಲೋಕದಲ್ಲಿ ಒಬ್ಬನೂ ಇರಲಿಲ್ಲ.

ಆ ಬೀಗವನ್ನು ತೆಗೆದವನು ಫ್ರಾನ್ಸಿನ ಶಾಂಪೋಲಿಯೋಂ, 1822ರಲ್ಲಿ. ಒಂದೇ ಶಾಸನವನ್ನು ಮೂರು ಲಿಪಿಗಳಲ್ಲಿ ಬರೆದಿದ್ದ ರೊಸೆಟ್ಟಾ ಕಲ್ಲು ಅವನಿಗೆ ಸಹಾಯವಾಯಿತೆಂದು ನಮ್ಮ ಪಾಠಪುಸ್ತಕಗಳು ಹೇಳುತ್ತವೆ. ಆದರೆ ಕಲ್ಲೊಂದರಿಂದಲೇ ಆ ಕೆಲಸ ಆಗುತ್ತಿರಲಿಲ್ಲ. ಅವನು ಬಾಲ್ಯದಿಂದ ಕಾಪ್ಟಿಕ್ ಭಾಷೆಯನ್ನು ಕಲಿತಿದ್ದನು. ಪ್ರಾಚೀನ ಈಜಿಪ್ಟಿನ ನುಡಿಯೇ ಕಾಲಕ್ರಮದಲ್ಲಿ ಮಾರ್ಪಟ್ಟು ಕಾಪ್ಟಿಕ್ ಆಗಿ, ಅಲ್ಲಿಯ ಕ್ರೈಸ್ತರ ಪ್ರಾರ್ಥನೆಯಲ್ಲಿ ಉಳಿದಿತ್ತು. ಇದನ್ನು ಯೋಚಿಸಿದಷ್ಟೂ ನಮಗೆ ಆಶ್ಚರ್ಯವಾಗುತ್ತದೆ. ಐಸಿಸಳ ಮನೆಯ ಬೀಗದ ಕೈ ಲೋಕದಲ್ಲೆಲ್ಲ ಹಬ್ಬಿದ ಆಕೆಯ ಭಕ್ತರಲ್ಲಿ ಉಳಿಯಲಿಲ್ಲ. ಆಕೆಯನ್ನು ಬಿಟ್ಟು ಬೇರೆ ಧರ್ಮವನ್ನು ಹಿಡಿದವರು, ಆದರೆ ತಾಯಿನುಡಿಯನ್ನು ಬಿಡದವರು, ತಿಳಿಯದೆಯೇ ಅದನ್ನು ಸೆರಗಿನ ಗಂಟಿನಲ್ಲಿಟ್ಟು ಕಾಪಾಡಿದರು. ಹಾಗೆಂದ ಮೇಲೆ ಮನೆಯನ್ನು ಕಾಯುವ ಕರ್ತವ್ಯಕ್ಕೆ ಜಾತಿಮತಗಳ ಕಟ್ಟಿಲ್ಲ. ನಾರಾಯಣಪೇಟೆಯ ಸೀಮೆಯಲ್ಲಿ ಕನ್ನಡ ಓದುವ ಮಗು ಯಾವ ದೇವರಿಗೆ ಕೈ ಮುಗಿಯುತ್ತದೆಂದು ನಾವು ಕೇಳಬೇಕಾಗಿಲ್ಲ.

ನಮ್ಮ ಕಡೆಯಲ್ಲಿಯೂ ನೈಲ್ ನದಿಯ ಕಥೆಗೆ ಹೋಲುವ ಸಂಗತಿಯೊಂದು ನಡೆದಿದೆ. ಆಸ್ವಾನಿನ ಅಣೆಕಟ್ಟುಗಳಿಂದ ಫಿಲೇ ದೇವಾಲಯ ನೀರಿನ ಪಾಲಾಗುವಂತಿದ್ದಾಗ, ಯುನೆಸ್ಕೋ ಸಂಸ್ಥೆಯ ನೆರವಿನಿಂದ 1972ರಿಂದ 1980ರವರೆಗೆ ಅದನ್ನು ಕಲ್ಲುಕಲ್ಲಾಗಿ ಬಿಚ್ಚಿ ಅಗಿಲ್ಕಿಯಾ ಎಂಬ ಸಮೀಪದ ದ್ವೀಪದಲ್ಲಿ ಮತ್ತೆ ಕಟ್ಟಿದರು. ಶ್ರೀಶೈಲದ ಅಣೆಕಟ್ಟಿನ ನೀರು ಕೃಷ್ಣಾ–ತುಂಗಭದ್ರಾ ಸಂಗಮವನ್ನು ಮುಳುಗಿಸುವ ಸಂದರ್ಭ ಬಂದಾಗ, ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು ಹಾಗೆಯೇ ಬಿಚ್ಚಿ ಅಲಂಪುರಕ್ಕೆ ತಂದು ನಿಲ್ಲಿಸಿದರು. ಅದೂ ಬಾದಾಮಿ ಚಾಲುಕ್ಯರ ಕಾಲದ್ದೇ. ಕಲ್ಲನ್ನು ಎತ್ತಿ ತರಬಹುದು. ಅದಕ್ಕೆ ಯಂತ್ರವಿದೆ, ಹಣವಿದೆ, ಇಂಜಿನಿಯರರಿದ್ದಾರೆ. ಕಲ್ಲಿನ ಮೇಲಿನ ಮಾತನ್ನು ಓದುವ ಕಣ್ಣನ್ನು ಮಾತ್ರ ಯಾವ ಯಂತ್ರವೂ ಎತ್ತಿ ತರಲಾರದು. ಅದು ಒಂದು ಮಗುವಿನಿಂದ ಇನ್ನೊಂದು ಮಗುವಿಗೆ, ಹಲಗೆ ಬಳಪಗಳ ಮೂಲಕವೇ ದಾಟಬೇಕು.

“ಕನ್ನಡ ಕಲಿತರೆ ಹೊಟ್ಟೆ ತುಂಬುತ್ತದೆಯೆ, ಸಾರ್?” ಎಂದು ತಂದೆತಾಯಿಗಳು ನಮ್ಮನ್ನು ಕೇಳುತ್ತಾರೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಗಡಿಯ ಈಚೆಗೆ ಉಳಿದ ನಮ್ಮಂಥವರಿಗೆ ಈ ಪ್ರಶ್ನೆ ಹೊಸದಲ್ಲ. ಇದಕ್ಕೆ ನಮ್ಮ ಬಳಿ ಸುಲಭವಾದ ಉತ್ತರವಿಲ್ಲ. ಇದೆಯೆಂದು ಹೇಳಿದರೆ ವಂಚನೆಯಾದೀತು. ಮಗು ತೆಲುಗು ಕಲಿಯಲಿ, ಇಂಗ್ಲಿಷು ಕಲಿಯಲಿ. ಅನ್ನದ ದಾರಿಗೆ ನಾವು ಅಡ್ಡ ನಿಲ್ಲಲಾರೆವು. ಡೀಲೋಸಿನ ಮೊಮ್ಮಗನು ಗ್ರೀಕಿನಲ್ಲಿ ಬರೆಯಿಸಿದುದು ತಪ್ಪಲ್ಲ. ಅವನ ಊರಿನವರು ಓದಬೇಕಾದುದು ಅದನ್ನೇ. ಆದರೆ ಪ್ರತಿಯೊಂದು ಮನೆಯ ಮೊಮ್ಮಗನೂ ಹಾಗೆಯೇ ಮಾಡಿದರೆ ಅಜ್ಜನ ಮನೆಯ ಗೋಡೆಯನ್ನು ಓದುವವರು ಯಾರು? ಎಲ್ಲರೂ ಓದಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಯಾರೊಬ್ಬರೂ ಉಳಿಯದಂತಾಗಬಾರದು ಎನ್ನುತ್ತೇವೆ. ಇದು ದೇವರಿಗೆ ಸಲ್ಲಿಸಬೇಕಾದ ಋಣವಲ್ಲ. ಆತನಿಗೆ ಎಲ್ಲ ಭಾಷೆಗಳೂ ತಿಳಿದಿವೆ. ಇದು ಆ ಗೋಡೆಯ ಮೇಲೆ ಬರೆದು, ಎಂದೆಂದಿಗೂ ಇರಲೆಂದು ಹಾರೈಸಿ ಹೋದವರ ಋಣ. ಮುಂದೆ ಬಂದು ಅದರೆದುರು ನಿಲ್ಲುವ ಮಕ್ಕಳ ಋಣ.

ಆದುದರಿಂದ ನಮ್ಮ ಪ್ರಶ್ನೆಯೇ ತಪ್ಪಾಗಿತ್ತೆಂದು ಈಗ ನಮಗೆ ತೋರುತ್ತದೆ. ದೇವರು ಯಾರ ಸೊತ್ತು ಎಂದು ಕೇಳಬಾರದು. ಆತನಿಗೆ ಒಡೆಯರಿಲ್ಲ, ಪಹಣಿಪತ್ರದಲ್ಲಿ ಆತನ ಹೆಸರಿಲ್ಲ. ಆತನನ್ನು ಕರೆದ ಮಾತುಗಳನ್ನು ಓದಬಲ್ಲವರು ಯಾರು ಉಳಿದಿದ್ದಾರೆ ಎಂದು ಕೇಳಬೇಕು. ಒಡೆತನದ ವಾದದಲ್ಲಿ ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಬೇಕು. ಓದುವುದರಲ್ಲಿ ಸೋಲುವವರಿಲ್ಲ. ಅಲಂಪುರದ ಗುಡಿಗಳ ಕಾಲದಲ್ಲಿ ಕನ್ನಡ ಲಿಪಿ, ತೆಲುಗು ಲಿಪಿ ಎಂಬ ಭೇದವಿನ್ನೂ ಹುಟ್ಟಿರಲಿಲ್ಲ. ಇಬ್ಬರದೂ ಒಂದೇ ಓಲೆ, ಒಂದೇ ಕಂಠ. ಆ ದಿನ ವೃದ್ಧರು ಹೇಳಿದುದೂ ನಿಜ, ನಾವು ಹೇಳಿದುದೂ ನಿಜ. ಇಬ್ಬರ ಅಜ್ಞಾನ ಮಾತ್ರ ಸುಳ್ಳಲ್ಲ.

ಅಲಂಪುರದಿಂದ ಬಂದ ಮೇಲೆ ನಾವು ಹಳೆಯ ಲಿಪಿಯ ಪಟವೊಂದನ್ನು ಬರೆದು ತರಗತಿಯ ಗೋಡೆಗೆ ತೂಗುಹಾಕಿದೆವು. ಪ್ರತಿ ಶನಿವಾರ ಎರಡೆರಡು ಅಕ್ಷರಗಳನ್ನು ಮಕ್ಕಳೂ ಕಲಿಯುತ್ತಾರೆ, ನಾವೂ ಕಲಿಯುತ್ತೇವೆ. ಕೆಲವು ಸಲ ಅವರೇ ನಮಗಿಂತ ಮುಂದು. ಮತ್ತೊಮ್ಮೆ ಅಲ್ಲಿಗೆ ಹೋಗುವ ಮನಸ್ಸಿದೆ. ಆ ಹಿರಿಯರೂ ಅವರ ಮೊಮ್ಮಗನೂ ಸಿಕ್ಕರೆ ಕಲ್ಲಿನ ಮುಂದೆ ಜೊತೆಯಾಗಿ ಕುಳಿತು, ಇಷ್ಟೇ ಬರುತ್ತದೆ ತಾತಾ ಎಂದು ಒಪ್ಪಿಕೊಂಡು, ಬಂದಷ್ಟನ್ನು ಓದಿ ತೋರಿಸಬೇಕು.